ಪಾತ್ರೆಯ ಸರದಿ

ನಮ್ಮ ಕ್ರೈಸ್ತ ಸಭೆಗೆ ಐವತ್ತು ತುಂಬಿದ ವರ್ಷ ಸ್ಮರಣ ಸಂಚಿಕೆಯ ಕೆಲಸ ನನ್ನ ತಲೆಗೆ ಬಿತ್ತು. ಮೂವತ್ತು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬೇರೆಯವರ ಸುದ್ದಿ ತಿದ್ದಿ, ನಿವೃತ್ತಳಾಗಿ ಚಿಕ್ಕಬಾಣಾವರದ ಮನೆಯಲ್ಲಿ ಅಪ್ಪನನ್ನು ನೋಡಿಕೊಂಡು ಕೂತಿದ್ದವಳು ನಾನು. ಕಮಿಟಿಯವರು ಇನ್ನೊಬ್ಬರನ್ನು ಹುಡುಕುವ ಅಗತ್ಯವೇ ಇರಲಿಲ್ಲ.

ನಮ್ಮ ದೇವಾಲಯ ಇರುವುದು ಪೀಣ್ಯದಲ್ಲಿ, ಒಂದು ಗೋದಾಮಿಗೂ ಲೇತ್ ಮಷೀನುಗಳ ಶೆಡ್ಡಿಗೂ ನಡುವೆ. ಭಾನುವಾರ ಮಷೀನುಗಳು ನಿಂತಿರುತ್ತವೆ, ಎಣ್ಣೆಯ ವಾಸನೆ ಮಾತ್ರ ಕಿಟಕಿಯಿಂದ ಒಳಗೆ ಬರುತ್ತಲೇ ಇರುತ್ತದೆ. ಸಭೆ ಕಟ್ಟಿದವರು ಕಾರ್ಖಾನೆಗಳಲ್ಲಿ ದುಡಿಯಲು ಬಂದ ಹನ್ನೊಂದು ಜನ. ಸುವರ್ಣ ಮಹೋತ್ಸವದ ಹೊತ್ತಿಗೆ ಅವರಲ್ಲಿ ಉಳಿದಿದ್ದವರು ಇಬ್ಬರು. ಒಬ್ಬರು ನನ್ನ ಅಪ್ಪ, ತುಮಕೂರು ಕಡೆಯಿಂದ ಬಂದು ಲೇತ್ ನಡೆಸುವ ಟರ್ನರ್ ಆಗಿ ನಿವೃತ್ತರಾದವರು. ಇನ್ನೊಬ್ಬರು ಸಭೆಯವರೆಲ್ಲ ಅಜ್ಜಿ ಎಂದು ಕರೆಯುವ ಮುದುಕಿ. ರಾಯಚೂರು ಜಿಲ್ಲೆಯಿಂದ ಗಂಡನ ಜೊತೆ ಬಂದು, ಒಂದು ಕಾರ್ಖಾನೆಯಲ್ಲಿ ಕಸ ಗುಡಿಸಿ, ಕಕ್ಕಸು ತೊಳೆದು ಮುಪ್ಪಾದವರು.

ಸಂಚಿಕೆಗೆ ಬಂದ ಬರಹಗಳಲ್ಲಿ ಅಜ್ಜಿಯ ಬಗ್ಗೆ ಅರ್ಧ ಪುಟದ ಟಿಪ್ಪಣಿ ಇತ್ತು. ಬರೆದವರು ಕಮಿಟಿಯ ಕಾರ್ಯದರ್ಶಿ, ಪೀಣ್ಯದಲ್ಲೇ ಲೋಹಕ್ಕೆ ಬಣ್ಣ ಹಚ್ಚುವ ಪೌಡರ್ ಕೋಟಿಂಗ್ ಘಟಕ ನಡೆಸುವವರು. ಅಜ್ಜಿಯ ದೀನಭಾವವನ್ನು ಅವರು ಹೊಗಳಿದ್ದರು. ಐವತ್ತು ವರ್ಷಗಳಿಂದ ಆಕೆ ಕರ್ತನ ಭೋಜನಕ್ಕೆ ಎಲ್ಲರೂ ಬಂದುಹೋದ ಮೇಲೆ ಕೊನೆಯವರಾಗಿ ಬರುವುದನ್ನು ತಾವೇ ಆರಿಸಿಕೊಂಡಿದ್ದಾರೆ ಎಂದೂ, ಇದು ಯುವಜನರಿಗೆ ಮಾದರಿ ಎಂದೂ ಬರೆದಿದ್ದರು.

ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಯುವ ಈ ಕರ್ತನ ಭೋಜನದ ಕ್ರಮ ನಮ್ಮಲ್ಲಿ ಹೀಗೆ. ತಿಂಗಳ ಮೊದಲ ಭಾನುವಾರ, ಮುಂದಿನ ಬೆಂಚಿನಿಂದ ಶುರುವಾಗಿ ಸಾಲು ಸಾಲಾಗಿ ಜನ ಎದ್ದು ಹೋಗಿ ಬಲಿಪೀಠದ ಮುಂದಿನ ಮರದ ಕಂಬಿಗೆ ಮೊಣಕಾಲೂರುತ್ತಾರೆ. ಮೊದಲು ರೊಟ್ಟಿಯ ಚೂರು ಬರುತ್ತದೆ, ಹಿಂದೆಯೇ ದ್ರಾಕ್ಷಾರಸದ ಪಾತ್ರೆ. ಒಂದೇ ಬೆಳ್ಳಿ ಪಾತ್ರೆ, ಎಲ್ಲರ ತುಟಿಗೂ ಅದೇ. ಒಬ್ಬರು ಗುಟುಕರಿಸಿದ ಮೇಲೆ ಸಭಾಪಾಲಕರು ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಪಾತ್ರೆಯನ್ನು ಸ್ವಲ್ಪ ತಿರುಗಿಸಿ ಮುಂದಿನವರಿಗೆ ಕೊಡುತ್ತಾರೆ. ಆಶೀರ್ವದಿಸಿದ ರಸವನ್ನು ಚೆಲ್ಲುವಂತಿಲ್ಲ, ಉಳಿದದ್ದನ್ನು ಯಾರಾದರೂ ಕುಡಿದು ಮುಗಿಸಬೇಕು. ಕೊರೊನಾ ಬಂದಾಗ ಈ ಪದ್ಧತಿ ನಿಂತು, ಒಬ್ಬೊಬ್ಬರಿಗೆ ಒಂದೊಂದರಂತೆ ರಸ ತುಂಬಿ ಸೀಲ್ ಮಾಡಿದ ಬೆರಳುದ್ದದ ಪ್ಲಾಸ್ಟಿಕ್ ಕಪ್ಪುಗಳು ಬಂದವು. ರೋಗ ಹೋದರೂ ಕಪ್ಪುಗಳು ಹೋಗಲಿಲ್ಲ. ಸುವರ್ಣ ಮಹೋತ್ಸವದ ದಿನವಾದರೂ ಒಂದೇ ಪಾತ್ರೆ ಇರಲಿ ಎಂದು ಬಿಷಪ್ ಹೇಳಿ ಕಳಿಸಿದ್ದರು.

ತಾವೇ ಆರಿಸಿಕೊಂಡಿದ್ದಾರೆ ಎಂಬ ಮಾತನ್ನು ಆಕೆಯನ್ನು ಕೇಳದೆ ಅಚ್ಚಿಗೆ ಕಳಿಸುವುದು ನನ್ನ ಅಭ್ಯಾಸವಲ್ಲ. ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ.

ವಠಾರದ ಕೊನೆಯ ಶೀಟಿನ ಮನೆ. ಮೊದಲ ಪ್ರಾರ್ಥನೆ ನಡೆದಿದ್ದು ಇದೇ ವಠಾರದಲ್ಲಿ, ಅವರ ಆಗಿನ ಬಾಡಿಗೆ ಕೋಣೆಯಲ್ಲಿ. ಬೇರೆ ಯಾರ ಮಾಲೀಕರೂ ಪ್ರಾರ್ಥನೆಗೆ ಒಪ್ಪದಿದ್ದಾಗ ಆಕೆಯ ಗಂಡ ತಮ್ಮ ಮಾಲೀಕರ ಕೈಕಾಲು ಹಿಡಿದು ಒಪ್ಪಿಸಿದ್ದರು. ಇಷ್ಟು ಸಂಚಿಕೆಯಲ್ಲಿ ಇತ್ತು. ಇಲ್ಲದ್ದನ್ನು ಅಜ್ಜಿ ಹೇಳಿದರು. ಹನ್ನೊಂದು ಜನ ಅವರ ಚಾಪೆಯ ಮೇಲೆ ಕೂತು ಹಾಡಿ, ಪ್ರಾರ್ಥಿಸಿ, ಆಮೇಲೆ ಚಹಾವನ್ನು ಮೂಲೆಯ ಹೋಟೆಲಿನಿಂದ ತರಿಸುತ್ತಿದ್ದರಂತೆ. ಆಕೆಯ ಒಲೆ ಪಕ್ಕದಲ್ಲೇ ಉರಿಯುತ್ತಿರುತ್ತಿತ್ತು.

ಕೊನೆಗೆ ಬರುವ ವಿಷಯ ಕೇಳಿದೆ. ಕಾರ್ಯದರ್ಶಿಯವರ ವಾಕ್ಯವನ್ನು ಓದಿಯೂ ಹೇಳಿದೆ.

ಅಜ್ಜಿ ನಕ್ಕರು. "ನಾ ಯಾಕ ಆರಿಸ್ಕೊಳ್ಳಲಿ ಯವ್ವಾ? ಮೊದಲ್ನೇ ಸಲ ಪಾತ್ರಿ ಬಂದಾಗ ಎಲ್ಲಾರ ಜೋಡಿ ಮೊಣಕಾಲೂರಿದ್ದೆ. ಆವತ್ತ ಸಂಜೀಕ ಹೇಳಿದ್ರು, ಮುಂದಿನ ಸಲದಿಂದ ನೀ ಕೊನೀಗಿ ಬಾರವ್ವ, ಸಭಾ ಉಳೀಲಿ ಅಂತ. ಆತು ಅಂದೆ."

ಯಾರು ಹೇಳಿದ್ದು ಎಂದು ಕೇಳಿದೆ. ಸುದ್ದಿಯಲ್ಲಿ ಹೇಳಿದವರು ಯಾರೆಂಬುದು ಇರಬೇಕು, ಅದು ಅಭ್ಯಾಸಬಲದ ಪ್ರಶ್ನೆ.

"ನಿಮ್ಮಪ್ಪ," ಅಂದರು. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. ನನಗೆ ಇದು ಮೊದಲೇ ತಿಳಿದಿದೆ ಎಂದು ಅವರು ಭಾವಿಸಿದ್ದಂತಿತ್ತು.

ಕೊನೆಯಲ್ಲಿ ಕುಡಿಯುವುದೆಂದರೆ ಏನು ಎಂಬುದನ್ನೂ ಅವರೇ ವಿವರಿಸಿದರು. ಎಲ್ಲರ ಬಾಯಿ ಆದ ಮೇಲೆ ರಸ ತಳ ಸೇರಿರುತ್ತದೆ, ರೊಟ್ಟಿಯ ನೆನೆದ ಚೂರುಗಳು ಅದರಲ್ಲಿ ತೇಲುತ್ತಿರುತ್ತವೆ, ಒಮ್ಮೊಮ್ಮೆ ಮೀಸೆಯ ಕೂದಲೂ. ಅದಷ್ಟನ್ನೂ ಅವರು ಮುಗಿಸಬೇಕು. ಕಂಬಿಯ ಬಳಿ ಕುಡಿದು ಮುಗಿಯದಿದ್ದರೆ, ಆರಾಧನೆ ಮುಗಿದ ಮೇಲೆ ಸಭಾಪಾಲಕರು ಪಕ್ಕದ ಕೋಣೆಗೆ ಕರೆದು ಉಳಿದದ್ದನ್ನು ಕೊಟ್ಟುಬಿಡುತ್ತಿದ್ದರು. ಬಂದುಹೋದ ಎಲ್ಲ ಸಭಾಪಾಲಕರೂ ಒಬ್ಬರಿಂದೊಬ್ಬರು ಕೇಳಿ ತಿಳಿದು ಇದನ್ನು ನಡೆಸಿಕೊಂಡು ಬಂದಿದ್ದರು.

"ಈ ಸಲ ಮೊದಲ ಕೂಡಿದವ್ರನ್ನ ಮೊದಲ ಕರೀತಾರಂತ, ಹೌದೇನು? ತುಂಬಿದ ಪಾತ್ರಿಗೆ ಒಮ್ಮಿ ಬಾಯಿ ಹಚ್ಚಬೇಕು ಅಂತೈತಿ ನನಗ. ಮತ್ತ ಎಲ್ಲಾರೂ ನನ್ನ ಹಿಂದ ಕುಡೀಬೇಕು. ಅಷ್ಟ," ಅಂದರು.

ಬಸ್ಸಿನಲ್ಲಿ ಬರುವಾಗ ನಾನು ನಮ್ಮ ಮನೆಯ ಭಾನುವಾರಗಳನ್ನು ನೆನಪಿಗೆ ತಂದುಕೊಂಡೆ. ಅಪ್ಪ ಶಿಸ್ತಿನ ಮನುಷ್ಯ ಎಂದು ನಾನು ಹೇಳಿಕೊಂಡು ತಿರುಗಿದ್ದೇನೆ. ಬೆಳಿಗ್ಗೆ ಐದಕ್ಕೆ ನಮ್ಮನ್ನೆಲ್ಲ ಎಬ್ಬಿಸಿ, ತಲೆ ಬಾಚಿಸಿ, ಮೊದಲ ಬಸ್ಸಿಗೆ ಹತ್ತಿಸಿ, ಗಂಟೆ ಬಾರಿಸುವ ಮೊದಲೇ ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದರು. ಆದರೆ ಅದು ಪ್ರತಿ ಭಾನುವಾರ ಅಲ್ಲ. ಉಳಿದ ಭಾನುವಾರಗಳಲ್ಲಿ ನಾವು ತಡವಾಗಿ ಹೋಗುತ್ತಿದ್ದೆವು, ಬಾಗಿಲ ಬಳಿ ಜಾಗ ಸಿಕ್ಕಿದಲ್ಲಿ ಕೂರುತ್ತಿದ್ದೆವು, ಒಮ್ಮೊಮ್ಮೆ ಹೋಗುತ್ತಲೇ ಇರಲಿಲ್ಲ. ಗಡಿಬಿಡಿ ಇದ್ದದ್ದು ತಿಂಗಳ ಮೊದಲ ಭಾನುವಾರ ಮಾತ್ರ. ಆ ದಿನ ಮುಂದಿನ ನಾಲ್ಕು ಬೆಂಚುಗಳಲ್ಲಿ ಇರುತ್ತಿದ್ದವು ಅವೇ ಎಂಟೋ ಹತ್ತೋ ಮನೆಗಳು. ಪಾತ್ರೆ ಮೊದಲು ಬರುತ್ತಿದ್ದದ್ದು ಆ ಬೆಂಚುಗಳಿಗೆ ಎಂಬುದು ಬಸ್ಸಿನ ಕಂಬಿ ಹಿಡಿದು ನಿಂತಿದ್ದ ನನಗೆ ಆಗ ಹೊಳೆಯಿತು.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಆಗಿನ ಕಾಲ ಅಂಗಿತ್ತು ಕಣಮ್ಮ. ನಾನು ಆ ಮಾತು ಹೇಳ್ದೆ ಇದ್ದಿದ್ರೆ ನಾಲ್ಕು ಮನೆಯವ್ರು ಸಭೆ ಬಿಟ್ಟು ಹೋಗೋರು. ಆಯಮ್ಮನ್ನ ನಾನು ಯಾವತ್ತಾದ್ರೂ ಏಕವಚನದಲ್ಲಿ ಮಾತಾಡ್ಸಿದೀನಾ ಕೇಳು."

ಆ ನಾಲ್ಕು ಮನೆಗಳಲ್ಲಿ ನಮ್ಮದೂ ಒಂದಾಗಿತ್ತೇ ಎಂದು ಕೇಳಿದೆ. ಅವರು ರಿಮೋಟ್ ಒತ್ತಿ ಚಾನೆಲ್ ಬದಲಿಸಿದರು. ಸುವರ್ಣ ಮಹೋತ್ಸವದ ದಿನ ಅಜ್ಜಿಯ ಪಕ್ಕದಲ್ಲಿ ಮೊಣಕಾಲೂರಲು ಬರುತ್ತೀರಾ ಎಂದು ಕೇಳಿದ್ದಕ್ಕೆ, ಅದಕ್ಕೇನಂತೆ, ಬರ್ತೀನಿ ಎಂದರು.

ಕಾರ್ಯದರ್ಶಿಯವರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಟಿಪ್ಪಣಿಯಿಂದ ಆ ವಾಕ್ಯ ತೆಗೆಯುತ್ತೇನೆ ಎಂದಾಗ ಅವರು ಸುಲಭವಾಗಿ ಒಪ್ಪಿದರು. ಸ್ಥಾಪಕರಿಬ್ಬರೂ ಮೊದಲು ಪಾತ್ರೆಗೆ ಹೋಗುತ್ತಾರೆ ಎಂದಿದ್ದ ಕಾರ್ಯಕ್ರಮ ಪಟ್ಟಿಯ ಮಾತು ಬಂದಾಗ ಕೆಮ್ಮಿದರು. ಅಜ್ಜಿಗೆ ಮೊಣಕಾಲು ನೋವು, ಕೊನೆಯಲ್ಲಿ ಅವರಿಗೊಂದು ಕುರ್ಚಿ ಹಾಕಿಸಿ ಬಿಷಪ್ಪರೇ ಅಲ್ಲಿಗೆ ಬರುವ ಹಾಗೆ ಮಾಡಿದರೆ ಗೌರವ ಇನ್ನೂ ಹೆಚ್ಚಲ್ಲವೇ ಎಂದರು. ಅಪ್ಪನಿಗೂ ಮೊಣಕಾಲು ನೋವಿದೆ, ಅವರಿಗೂ ಕೊನೆಯಲ್ಲಿ ಕುರ್ಚಿ ಹಾಕಿಸಿ ಎಂದೆ. ಪಟ್ಟಿಯನ್ನು ಬಿಷಪ್ಪರು ಆಗಲೇ ನೋಡಿ ಒಪ್ಪಿದ್ದರಿಂದ ಕಾರ್ಯದರ್ಶಿಯವರ ಕೈ ಕಟ್ಟಿತ್ತು.

"ಮೇಡಂ, ನೀವು ಓದಿದೋರು," ಎಂದರು ಕೊನೆಗೆ. "ಮೊದಲಿಂದ್ಲೂ ಎಲ್ರ ಮನಸ್ಸೂ ಕಾಪಾಡ್ಕೊಂಡು ಬಂದಿದೀವಿ. ನಿಮ್ಮನೆಯೋರ್ದೂ ಸೇರ್ಸಿ."

ಆ ಭಾನುವಾರ ಬಂತು. ಗೇಟಿಗೆ ಪ್ಲಾಸ್ಟಿಕ್ ಹೂವಿನ ಕಮಾನು, ಗೋದಾಮಿನ ಗೋಡೆಯುದ್ದಕ್ಕೂ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಬಿಷಪ್ಪರ ಮುಖ ಒಂದಾಳೆತ್ತರ, ಕಮಿಟಿಯವರ ಮುಖಗಳು ತಟ್ಟೆಯಗಲ, ಸ್ಥಾಪಕರ ಮುಖಗಳು ಕೆಳಗೆ ಬೊಟ್ಟಿನಷ್ಟು. ಮೇಲೆ ಡ್ರೋನ್ ಗುಂಯ್‌ಗುಟ್ಟುತ್ತಿತ್ತು. ಬಿಷಪ್ಪರು ರಿಬ್ಬನ್ ಕತ್ತರಿಸಿದಾಗ ಎರಡು ಕೊಳವೆಗಳಿಂದ ಬಣ್ಣದ ಚೂರು ಸಿಡಿದು ಅವರ ನಿಲುವಂಗಿಗೆ ಅಂಟಿತು. ಪೌಡರ್ ಕೋಟಿಂಗ್ ಘಟಕದ ಹೆಸರಿದ್ದ ಟೀ ಶರ್ಟ್ ತೊಟ್ಟ ಸ್ವಯಂಸೇವಕರು ಜನರನ್ನು ಸಾಲಿಗೆ ತಳ್ಳುತ್ತಿದ್ದರು. ಶಾಮಿಯಾನದ ಕಡೆಯಿಂದ ಬಿರಿಯಾನಿಯ ವಾಸನೆ ಎಂಟು ಗಂಟೆಗೇ ಬಂದು ಎಣ್ಣೆಯ ವಾಸನೆಯೊಂದಿಗೆ ಬೆರೆತಿತ್ತು. ಇದೆಲ್ಲ ಎಲ್ಲ ಕಡೆಯೂ ನಡೆಯುತ್ತದೆ. ಆ ದಿನ ನನ್ನಲ್ಲಿ ಹುಟ್ಟಿದ ಹೇಸಿಗೆಗೆ ಇದು ಕಾರಣವಲ್ಲ.

ಅಜ್ಜಿ ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಮುಂದಿನ ಬೆಂಚಿನ ತುದಿಯಲ್ಲಿ ಕೂತಿದ್ದರು. ಆ ಬೆಂಚಿನಲ್ಲಿ ಅವರನ್ನು ನಾನು ನೋಡಿದ್ದು ಅದೇ ಮೊದಲು. ಅವರ ಪಕ್ಕ ಅಪ್ಪ, ಅಪ್ಪನ ಪಕ್ಕ ನಾನು, ಆಚೆಗೆ ಕಾರ್ಯದರ್ಶಿ ದಂಪತಿ ಮತ್ತು ಉಳಿದ ಕಮಿಟಿ ಮನೆಗಳವರು. ಅಜ್ಜಿಗೂ ಅಪ್ಪನಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಹಿಂದೆ ಜನ ನಿಂತಿದ್ದರು.

ಬಿಷಪ್ಪರೂ ಸಭಾಪಾಲಕರೂ ಮೊದಲು ತಾವು ಸ್ವೀಕರಿಸಿದರು. ಸ್ಥಾಪಕರನ್ನು ಹೆಸರು ಹೇಳಿ ಕರೆದರು. ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಎದ್ದು ಹೋಗಿ ಕಂಬಿಯ ಎಡತುದಿಯಲ್ಲಿ ಮೊಣಕಾಲೂರಿದರು. ಅಪ್ಪನ ತೋಳು ಹಿಡಿದು ನಾನೂ ಊರಿದೆ. ನಮ್ಮ ಬೆಂಚಿನ ಉಳಿದವರು ಬಲಕ್ಕೆ ಸಾಲಾದರು.

ಬಿಷಪ್ಪರು ರೊಟ್ಟಿ ಕೊಟ್ಟುಕೊಂಡು ಮುಂದೆ ಹೋದರು. ಹಿಂದೆ ಸಭಾಪಾಲಕರು ಪಾತ್ರೆ ತಂದರು. ಅಜ್ಜಿ ಅದನ್ನು ಎರಡು ಕೈಯಿಂದ ಹಿಡಿದು ಕುಡಿದರು, ಅವಸರವಿಲ್ಲದೆ. ಆಮೇಲೆ ಕಣ್ಣು ಮುಚ್ಚಿ ತಲೆಯನ್ನು ಕಂಬಿಗೆ ಆನಿಸಿದರು. ಸಭಾಪಾಲಕರು ಅಂಚು ಒರೆಸಿದರು, ಪಾತ್ರೆ ತಿರುಗಿಸಿದರು, ಅಪ್ಪನ ಮುಖದ ಹತ್ತಿರ ತಂದರು.

ನಾನು ಒಂದು ಗೇಣಿನ ದೂರದಲ್ಲಿದ್ದೆ. ಅಪ್ಪ ತುಟಿ ಬಿಗಿಹಿಡಿದಿದ್ದರು. ಪಾತ್ರೆ ವಾಲಿತು, ರಸ ಅಂಚಿನವರೆಗೂ ಬರಲಿಲ್ಲ, ಅವರ ಗಂಟಲು ಅಲುಗಲಿಲ್ಲ. ಪಾತ್ರೆ ಸರಿದ ಮೇಲೆ ಅವರು ಕೈಯಿಂದ ಬಾಯಿ ಒರೆಸಿಕೊಂಡರು, ಕುಡಿದವರ ಹಾಗೆ.

ನನ್ನ ಸರದಿಯದನ್ನೂ ಬರೆಯಬೇಕು. ಪಾತ್ರೆ ನನ್ನೆದುರು ಬಂದಾಗ ನನ್ನ ಕಣ್ಣು ಹೋದದ್ದು ಅಂಚಿಗೆ, ಅಜ್ಜಿಯ ತುಟಿ ತಾಗಿದ ಕಡೆ ಯಾವುದು ಎಂದು ಹುಡುಕಲು. ನಾನು ಹಾಗೆ ಯೋಚಿಸಲಿಲ್ಲ. ಕಣ್ಣು ತಾನಾಗಿ ಹೋಯಿತು, ಆ ಕಡೆಯನ್ನು ತಪ್ಪಿಸಲು. ಆಮೇಲೆ ಕುಡಿದೆ. ಸಿಹಿಯಾಗಿತ್ತು, ಸ್ವಲ್ಪ ಲವಂಗದ ವಾಸನೆ ಇತ್ತು. ಅಪ್ಪ ಮಾಡಿದ್ದನ್ನು ನಾನು ಮಾಡಲಿಲ್ಲ ಎಂಬುದು ನಿಜ. ನನ್ನೊಳಗೂ ಅದೇ ಇತ್ತು ಎಂಬುದೂ ನಿಜ.

ಕಾರ್ಯದರ್ಶಿಯವರು ರೊಟ್ಟಿ ತೆಗೆದುಕೊಂಡು, ಪಾತ್ರೆ ಬಂದಾಗ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಅವರ ಹೆಂಡತಿ ಕೈ ಮುಗಿದರು. ಆಚೆಯವರೂ ಹಾಗೆಯೇ, ಒಬ್ಬರಾದ ಮೇಲೆ ಒಬ್ಬರು. ಆ ಸಾಲಿನ ಅಷ್ಟೂ ಜನ ಕೊರೊನಾಕ್ಕೆ ಮೊದಲು ಇದೇ ಪಾತ್ರೆಯಲ್ಲಿ ನೂರಾರು ಸಲ ಕುಡಿದವರು. ಆರೋಗ್ಯದ ಕಾರಣಕ್ಕೆ ಬೇಡವೆಂದವರೂ ಅವರಲ್ಲಿ ಇದ್ದಿರಬಹುದು. ಯಾರೆಂದು ನನಗೆ ಗೊತ್ತಿಲ್ಲ.

ನಾವು ಎದ್ದು ತಿರುಗುವಷ್ಟರಲ್ಲಿ ಬೆಂಚುಗಳ ನಡುವಿನ ದಾರಿಯಲ್ಲಿ ಟೀ ಶರ್ಟಿನವರು ತಟ್ಟೆಗಳನ್ನು ಹಿಡಿದು ನಿಂತಿದ್ದರು. ತಟ್ಟೆಗಳ ತುಂಬ ಸೀಲ್ ಮಾಡಿದ ಕಪ್ಪುಗಳು. ಜನ ಹೆಚ್ಚಿದ್ದಾರೆ, ಬೇಗ ಮುಗಿಯಬೇಕು ಎಂದು ಮೈಕಿನಲ್ಲಿ ಹೇಳಿದರು. ಕಪ್ಪುಗಳನ್ನು ಆ ಕ್ಷಣದಲ್ಲಿ ಯಾರಿಗೂ ತರಿಸಲು ಆಗುವುದಿಲ್ಲ. ಅವು ಮೊದಲೇ ಎಣಿಸಿ, ಜೋಡಿಸಿ ಇಟ್ಟವು. ಹಿಂದಿನ ಬೆಂಚುಗಳಲ್ಲಿದ್ದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕಲಬುರಗಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ಅವರಿಗೆ ಯಾವುದು ಬೇಕೆಂದು ಯಾರೂ ಕೇಳಲಿಲ್ಲ. ಬೆಳ್ಳಿ ಪಾತ್ರೆ ಬಲಿಪೀಠದ ಮೇಲೆ ಬಟ್ಟೆ ಮುಚ್ಚಿಕೊಂಡು ಕೂತಿತು.

ಅಜ್ಜಿ ಇದ್ಯಾವುದನ್ನೂ ನೋಡಲಿಲ್ಲ. ಬೆಂಚಿಗೆ ಮರಳಿದ ಮೇಲೂ ಅವರು ಕಣ್ಣು ಮುಚ್ಚಿ, ಸೆರಗು ಮುಖದ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಲೇ ಇದ್ದರು.

ಆರಾಧನೆ ಮುಗಿದು ಜನ ಊಟದ ಕಡೆ ನುಗ್ಗಿದರು. ಬಿಷಪ್ಪರಿಗೆ ಕೊಡಲು ಸಂಚಿಕೆಯ ಪ್ರತಿಗಳನ್ನು ತನ್ನಿ ಎಂದಿದ್ದರಿಂದ ನಾನು ಪಕ್ಕದ ಕೋಣೆಗೆ ಹೋದೆ. ಸಭಾಪಾಲಕರು ನಿಲುವಂಗಿ ಕಳಚುತ್ತಿದ್ದರು. ಮೇಜಿನ ಮೇಲೆ ಪಾತ್ರೆ ಇತ್ತು, ಬಹುಪಾಲು ತುಂಬಿಯೇ ಇತ್ತು. ನನ್ನ ಹಿಂದೆ ಅಜ್ಜಿ ಬಂದರು. ಅಯ್ಯನವರು ಕರೀತಾರೆ ಎಂದು ಯಾರೋ ಹೇಳಿದ್ದರಂತೆ.

ಸಭಾಪಾಲಕರು ಬಂದು ಎರಡು ವರ್ಷವಾಗಿತ್ತು, ಮೃದು ಮಾತಿನ ಮನುಷ್ಯ. ಪಾತ್ರೆಯನ್ನು ಅಜ್ಜಿಯ ಕಡೆ ಸರಿಸಿ, "ಉಳ್ಕೊಂಡಿದೆ ಅಜ್ಜಿ. ನೀವೇ ಮುಗಿಸ್ತಿದ್ರಂತಲ್ಲ ಯಾವಾಗ್ಲೂ," ಎಂದರು.

ಅಜ್ಜಿ ಬಗ್ಗಿ ಪಾತ್ರೆಯೊಳಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟೂ ಉಳದೈತಲ್ಲ ಯವ್ವಾ. ನನ್ನ ಹಿಂದ ಯಾರೂ ಕುಡೀಲಿಲ್ಲೇನು?"

ಸಭಾಪಾಲಕರು ಕಪ್ಪುಗಳ ವಿಷಯ, ಸಮಯದ ವಿಷಯ ಶುರು ಮಾಡಿದರು. ಅಜ್ಜಿ ಅವರ ಕಡೆ ನೋಡಲಿಲ್ಲ. ಕೇಳಿದ್ದು ನನ್ನನ್ನು.

"ನಾನು ಕುಡಿದೆ ಅಜ್ಜಿ," ಎಂದೆ. "ಬೇರೆ ಯಾರೂ ಕುಡೀಲಿಲ್ಲ."

"ನಿಮ್ಮಪ್ಪ?"

"ಇಲ್ಲ. ತುಟಿಗೆ ಹಚ್ಚಿ ಬಿಟ್ರು."

ಅವರು ಹೌದೆಂಬಂತೆ ತಲೆಯಾಡಿಸಿದರು. ಸೆರಗನ್ನು ಸರಿಮಾಡಿಕೊಂಡರು. ಸಭಾಪಾಲಕರಿಗೆ ಹೇಳಿದ್ದು ಇಷ್ಟು:

"ನಂದು ನಾ ಕುಡದೀನ್ರಿ ಅಯ್ಯನವರ. ಇದು ಅವರ ಪಾಲು. ಅವರ ಪಾಲಿಂದು ನಾ ಯಾಕ ಕುಡೀಲಿ? ಐವತ್ತ ವರ್ಷ ಕುಡದೀನಿ, ಸಾಕು."

ಹೊರಟುಹೋದರು. ಸಭಾಪಾಲಕರು ಪಾತ್ರೆ ಹಿಡಿದು ನಿಂತಿದ್ದರು. ಕಾರ್ಯದರ್ಶಿಯವರು ಬಾಗಿಲಲ್ಲಿ ತಲೆ ಹಾಕಿ, ಬಿಷಪ್ಪರು ಊಟಕ್ಕೆ ಕಾಯುತ್ತಿದ್ದಾರೆ, ಅದನ್ನು ಯಾವುದಾದರೂ ಗಿಡದ ಬುಡಕ್ಕೆ ಸುರಿದು ಬನ್ನಿ ಎಂದರು. ಸುತ್ತ ಸಿಮೆಂಟು, ಗಿಡವೆಂದರೆ ಬಾಡಿಗೆಗೆ ತಂದ ಕುಂಡಗಳು. ಸಭಾಪಾಲಕರು ಗೋಡೆಯ ಕಡೆ ಮುಖ ಮಾಡಿ, ನಾಲ್ಕು ಸಲ ಉಸಿರು ತೆಗೆದುಕೊಂಡು ಅಷ್ಟನ್ನೂ ಕುಡಿದರು. ಕುಡಿದು, ಕಣ್ಣಲ್ಲಿ ನೀರು ಬಂದು, ಕೆಮ್ಮಿದರು. ಅವರ ಮೇಲೆ ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ.

ಶಾಮಿಯಾನದಲ್ಲಿ ಅಜ್ಜಿಯನ್ನು ಹುಡುಕಿದೆ. ಊಟ ಮಾಡದೆ ಹೋದರು ಎಂದು ಗೇಟಿನಲ್ಲಿದ್ದವರು ಹೇಳಿದರು. ಅಪ್ಪ ಊಟ ಮುಗಿಸಿ ಎರಡನೆಯ ಜಾಮೂನು ತಿನ್ನುತ್ತಿದ್ದರು. ಹಳೆಯ ಸಹೋದ್ಯೋಗಿಗಳು ಅವರ ಕೈ ಕುಲುಕಿ, ಸಭೆ ಕಟ್ಟಿದವರು ಎಂದು ತಮ್ಮ ಮೊಮ್ಮಕ್ಕಳಿಗೆ ತೋರಿಸುತ್ತಿದ್ದರು.

ಕಾರಿನಲ್ಲಿ ಹೊರಟ ಮೇಲೆ ಅಪ್ಪನ ಮುಂದೆ ಪಾತ್ರೆಯ ಮಾತೆತ್ತಿದೆ. ಸಕ್ಕರೆ ಕಾಯಿಲೆಯವರು ಸಿಹಿ ಕುಡಿಯಬಾರದಲ್ಲ ಎಂದರು. ಜಾಮೂನಿನ ಪಾಕ ಅವರ ಶರ್ಟಿನ ಜೇಬಿನ ಮೇಲೆ ಇನ್ನೂ ಒಣಗಿರಲಿಲ್ಲ. ನಾನು ಗಾಡಿಯನ್ನು ಮುಖ್ಯರಸ್ತೆಗೆ ತಿರುಗಿಸಿದೆ.

ಎಂಟನೇ ಮೈಲಿಯ ಸಿಗ್ನಲ್ಲಿನಲ್ಲಿ ನಿಂತಾಗ ಅವರು ಕೇಳಿದರು.

"ನೀನು ಕುಡಿದ್ಯಾ?"

"ಕುಡಿದೆ," ಎಂದೆ.

ಬಿಸಿಲು ಚುರುಗುಟ್ಟುತ್ತಿತ್ತು. ನಾನು ಬಾಟಲಿ ತೆಗೆದು ನೀರು ಕುಡಿದು, ಯಾವಾಗಲೂ ಮಾಡುವ ಹಾಗೆ ಅವರಿಗೆ ಕೊಟ್ಟೆ. ಅಮ್ಮ ತೀರಿಕೊಂಡಾಗಿನಿಂದ ನಮ್ಮಿಬ್ಬರಿಗೂ ಒಂದೇ ಲೋಟ, ಒಂದೇ ಬಾಟಲಿ. ಕೈ ನಡುಗುವುದರಿಂದ ಅವರು ಬಾಟಲಿಗೆ ಬಾಯಿ ಹಚ್ಚಿಯೇ ಕುಡಿಯುತ್ತಾರೆ. ಅಪ್ಪ ಬಾಟಲಿಯ ಅಂಚನ್ನು ನೋಡಿದರು. ಆಮೇಲೆ ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು, ಬಾಟಲಿಯನ್ನು ಒಂದು ಗೇಣು ಮೇಲೆತ್ತಿ ನೀರು ಸುರಿದುಕೊಂಡರು. ಅರ್ಧ ನೀರು ಗದ್ದದಿಂದ ಇಳಿದು ಬಿಳಿ ಶರ್ಟು ತೊಯ್ದುಹೋಯಿತು. ಮತ್ತೊಮ್ಮೆ ಎತ್ತಿದರು.